ಓರೆ ಗೋಡೆಯ ಮನೆ

ಅಮೆರಿಕದಲ್ಲಿ ಒಂದು ಜಾತಿಯ ಮನೆ ಇದೆ. ಅದಕ್ಕೆ ಚಕ್ರಗಳಿವೆ. ಮುಂದಿನ ಅರ್ಧದಲ್ಲಿ ಮನುಷ್ಯರು, ಹಿಂದಿನ ಅರ್ಧದಲ್ಲಿ ಕುದುರೆಗಳು! ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಈ ಗಾಡಿಗೆ 'ಲಿವಿಂಗ್ ಕ್ವಾರ್ಟರ್ಸ್ ಹಾರ್ಸ್ ಟ್ರೈಲರ್' ಅಂತ ಉದ್ದನೆಯ ಹೆಸರು. ಒಳಗೆ ಹಾಸಿಗೆ, ಪುಟ್ಟ ಅಡುಗೆಮನೆ, ಬಚ್ಚಲು ಎಲ್ಲ ಇರುತ್ತೆ. ಹೊಸದರ ಬೆಲೆ ಕೇಳಿದರೆ ತಲೆ ತಿರುಗುತ್ತೆ. ಹಾಗಾಗಿ ಬಹಳ ಜನ ಹತ್ತು-ಇಪ್ಪತ್ತು ವರ್ಷ ಓಡಿದ ಹಳೇ ಟ್ರೈಲರ್ ಕೊಂಡು, ಮನುಷ್ಯರಿರುವ ಭಾಗವನ್ನು ಕಿತ್ತುಹಾಕಿ ಮತ್ತೆ ಕಟ್ಟಿಕೊಳ್ಳುತ್ತಾರೆ.

ಈ ಕೆಲಸಕ್ಕೆ ಕೈ ಹಾಕಿದವರಿಗೆ ಟೇಪು ಹಿಡಿದು ಅಳೆಯುವಾಗಲೇ ಒಂದು ತಲೆನೋವು ಶುರು. ಒಳಗಿನ ಒಂದು ಗೋಡೆ ಓರೆಯಾಗಿರುತ್ತೆ. ಅಂಗಡಿಯಿಂದ ತಂದ ಚೌಕದ ಬೀರು ಆ ಮೂಲೆಯಲ್ಲಿ ಕೂರುವುದಿಲ್ಲ, ನೆಲಕ್ಕೆ ಹಾಸುವ ಹಲಗೆಯನ್ನು ಕೊನೆಯಲ್ಲಿ ಓರೆಯಾಗಿ ಕತ್ತರಿಸಬೇಕು. ಯಾಕಪ್ಪಾ ಹೀಗೆ ಕಟ್ಟಿದರು? ಉತ್ತರ ಸರಳ. ಗೋಡೆಯ ಆಚೆ ಕುದುರೆ ಓರೆಯಾಗಿ ನಿಲ್ಲುತ್ತೆ, ಅದಕ್ಕೆ! ಆದರೆ ಆ ಸರಳ ಉತ್ತರದ ಹಿಂದೆ ಸುಮಾರು ಇನ್ನೂರು ವರ್ಷದ ಕಥೆ ಇದೆ. ಅದನ್ನೇ ಇಲ್ಲಿ ಹೇಳೋಣ ಅಂತ.

ನಡೆಯದೇ ಬಂದ ಕುದುರೆ

ಕುದುರೆ ಇರುವುದೇ ನಮ್ಮನ್ನು ಹೊರೋದಕ್ಕೆ. ಅಂಥಾದ್ದನ್ನು ನಾವೇ ಹೊತ್ತುಕೊಂಡು ಹೋಗುವ ಯೋಚನೆ ಬಂದದ್ದು ಹೇಗೆ? ಎಲ್ಲ ದುಡ್ಡಿನ ಮಹಿಮೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಪಂದ್ಯದ ಕುದುರೆಗಳು ಒಂದೂರಿಂದ ಇನ್ನೊಂದೂರಿಗೆ ನಡೆದೇ ಹೋಗುತ್ತಿದ್ದವು. ದೂರದ ಊರಾದರೆ ವಾರಗಟ್ಟಲೆ ನಡಿಗೆ, ಅದಾದ ಮೇಲೆ ಸುಧಾರಿಸಿಕೊಳ್ಳಲು ಒಂದಷ್ಟು ದಿನ. 1836ರಲ್ಲಿ ಲಾರ್ಡ್ ಜಾರ್ಜ್ ಬೆಂಟಿಂಕ್ ಎಂಬ ದೊಡ್ಡ ಜೂಜುಗಾರನ ಕುದುರೆ ಎಲಿಸ್, ಡಾಂಕಾಸ್ಟರ್‌ನ ಸೇಂಟ್ ಲೆಜರ್ ಪಂದ್ಯದಲ್ಲಿ ಓಡಬೇಕಿತ್ತು. ಪಂದ್ಯಕ್ಕೆ ಕೆಲವೇ ದಿನ ಉಳಿದಿದ್ದರೂ ಎಲಿಸ್ ಮಾತ್ರ ದಕ್ಷಿಣದ ಗುಡ್‌ವುಡ್‌ನಲ್ಲೇ ಹಾಯಾಗಿ ಹುಲ್ಲು ತಿನ್ನುತ್ತಿತ್ತು! ನಡುವಿನ ದಾರಿ ಇನ್ನೂರು ಮೈಲಿಗೂ ಹೆಚ್ಚು. ಇದು ಓಡುವುದಿಲ್ಲ ಅಂತ ಬಾಜಿದಾರರು ಲೆಕ್ಕ ಹಾಕಿದರು, ಎಲಿಸ್ ಮೇಲಿನ ಬಾಜಿಯ ದರ ಏರಿತು. ಬೆಂಟಿಂಕ್ ಕಾಯುತ್ತಿದ್ದದ್ದೇ ಅದಕ್ಕೆ. ಒಳಗೋಡೆಗೆ ಮೆತ್ತೆ ಹೊಡೆಸಿದ ದೊಡ್ಡ ಪೆಟ್ಟಿಗೆಯಂಥ ಗಾಡಿಯೊಂದನ್ನು ಮೊದಲೇ ಮಾಡಿಸಿಟ್ಟಿದ್ದ. ಅದಕ್ಕೆ ಆರು ಕುದುರೆ ಹೂಡಿ, ಅಲ್ಲಲ್ಲಿ ಬದಲಾಯಿಸಿಕೊಳ್ಳುತ್ತಾ, ಮೂರು ದಿನದಲ್ಲಿ ಎಲಿಸ್‌ನನ್ನು ಡಾಂಕಾಸ್ಟರ್‌ಗೆ ತಲುಪಿಸಿದ. ದಣಿವಿಲ್ಲದೆ ಇಳಿದ ಎಲಿಸ್ ಪಂದ್ಯ ಗೆದ್ದಿತು. ಬಾಜಿದಾರರು ಬಾಯಿ ಬಡಿದುಕೊಂಡರು.

ಇದೇ ಮೊಟ್ಟಮೊದಲ ಪ್ರಯತ್ನವೇನಲ್ಲ. 1816ರಲ್ಲೇ ಸಾವರಿನ್ ಎಂಬ ಕುದುರೆಯನ್ನು ದನ ಸಾಗಿಸುವ ಗಾಡಿಯಲ್ಲಿ ನ್ಯೂಮಾರ್ಕೆಟ್‌ಗೆ ತಂದಿದ್ದರಂತೆ. ಅಂದರೆ ಇನ್ಯಾವುದಕ್ಕೋ ಮಾಡಿದ ಹಳೇ ಗಾಡಿಯನ್ನು ಬೇರೆ ಕೆಲಸಕ್ಕೆ ಒಗ್ಗಿಸಿಕೊಳ್ಳುವ ಬುದ್ಧಿ ಈ ಕಥೆಯ ಶುರುವಿನಿಂದಲೇ ಇದೆ. ಆದರೆ ಎಲಿಸ್ ಗೆದ್ದ ಮೇಲೆ ವಿಷಯ ಎಲ್ಲರಿಗೂ ಗೊತ್ತಾಯಿತು.

ಅಷ್ಟರಲ್ಲಿ ರೈಲು ಬಂತು. ಇಂಗ್ಲೆಂಡಿನ ರೈಲು ಕಂಪನಿಗಳು 'ಹಾರ್ಸ್ ಬಾಕ್ಸ್' ಎಂಬ ಬೇರೆಯೇ ಬೋಗಿ ಮಾಡಿದವು. ಒಳಗೆ ಕುದುರೆಗಳಿಗೆ ಮೆತ್ತೆ ಹೊಡೆದ ಅಂಕಣಗಳು, ಪಕ್ಕದಲ್ಲೇ ಕುದುರೆಯಾಳಿಗೆ ಒಂದು ಪುಟ್ಟ ಕೋಣೆ. ನಡುವಿನ ಗೋಡೆಯಲ್ಲಿ ಸಣ್ಣ ಬಾಗಿಲು. ಅದನ್ನು ತೆರೆದರೆ ಕುದುರೆಯ ಮುಖ ಕಾಣುತ್ತೆ, ಹೆದರಿದ ಕುದುರೆಯನ್ನು ಮಾತಾಡಿಸಿ ಸಮಾಧಾನ ಮಾಡಬಹುದು. ನನಗನ್ನಿಸುವ ಪ್ರಕಾರ ನಮ್ಮ ಓರೆ ಗೋಡೆಯ ಅಜ್ಜ ಇದೇ ಗೋಡೆ. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಕುದುರೆ, ನಡುವೆ ಒಂದು ಕಿಂಡಿ. ಇಲ್ಲೊಂದು ಸಂಗತಿ ಗಮನಿಸಿ. ಟಿಕೆಟ್ಟಿನ ಯಜಮಾನ ಕುದುರೆ. ಆಳಿನ ಜಾಗ ಕುದುರೆಗೆ ಬಿಟ್ಟು ಉಳಿದದ್ದು.

ಮಿಲಿಟರಿ ಗಾಡಿಯಿಂದ ಅಡುಗೆಮನೆ

ಕಥೆಯ ಇನ್ನೊಂದು ಎಳೆ ಅಮೆರಿಕದ ಪಶ್ಚಿಮದ್ದು. ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಚಾರ್ಲ್ಸ್ ಗುಡ್‌ನೈಟ್ ಎಂಬ ಟೆಕ್ಸಾಸಿನ ದನಗಾರ ಆಲಿವರ್ ಲವಿಂಗ್ ಜೊತೆ ಸೇರಿ ಸಾವಿರಾರು ದನಗಳನ್ನು ನ್ಯೂ ಮೆಕ್ಸಿಕೋ ಕಡೆ ಹೊಡೆದುಕೊಂಡು ಹೊರಟ. ತಿಂಗಳುಗಟ್ಟಲೆ ದಾರಿ. ಹುಡುಗರಿಗೆ ಊಟ ಬೇಕಲ್ಲ? ಸೈನ್ಯ ಬಳಸಿ ಬಿಟ್ಟಿದ್ದ ಹಳೇ ಸ್ಟುಡ್‌ಬೇಕರ್ ಗಾಡಿಯೊಂದನ್ನು ಕೊಂಡು, ಅದರ ಹಿಂಬದಿಗೆ ಗಟ್ಟಿ ಮರದ ಬೀರು ಜೋಡಿಸಿದ. ಖಾನೆಗಳಲ್ಲಿ ಕಾಫಿ, ಹಿಟ್ಟು, ಬೀನ್ಸು, ಔಷಧಿ. ಬೀರುವಿನ ಬಾಗಿಲನ್ನು ಕೀಲಿನ ಮೇಲೆ ಕೆಳಗೆ ಮಡಿಸಿದರೆ ಅದೇ ಅಡುಗೆಯ ಮೇಜು! ಗಾಡಿಯ ಹೊಟ್ಟೆಯ ಕೆಳಗೆ ಜೋಲಿಯಂತೆ ಕಟ್ಟಿದ ದನದ ಚರ್ಮದಲ್ಲಿ ಸೌದೆ, ಒಣ ಸಗಣಿ. ಇದೇ 'ಚಕ್ ವ್ಯಾಗನ್'. ಇವತ್ತು ಟ್ರೈಲರ್ ನವೀಕರಿಸುವವರು ಗೋಡೆಗೆ ಮಡಿಸುವ ಮೇಜು ಹಾಕಿ ಬೀಗುತ್ತಾರಲ್ಲ, ಗುಡ್‌ನೈಟ್ ಅದನ್ನು ಯಾವತ್ತೋ ಮಾಡಿ ಮುಗಿಸಿದ್ದ :-)

ಮಲಗುವ ಗಾಡಿ ಬಂದದ್ದು ಕುರಿಗಾಹಿಗಳಿಂದ. 1884ರಲ್ಲಿ ವಯೋಮಿಂಗ್‌ನ ರಾಲಿನ್ಸ್ ಊರಿನ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಶ್ ಮೊದಲ 'ಶೀಪ್ ವ್ಯಾಗನ್' ಕಟ್ಟಿದ ಅಂತ ಹೇಳುತ್ತಾರೆ. ನಮ್ಮ ಕಮಾನು ಗಾಡಿಯ ಹಾಗೆ ಬಾಗಿದ ಮರದ ಕಮಾನುಗಳು, ಮೇಲೆ ಕ್ಯಾನ್ವಾಸ್. ಹತ್ತು-ಹನ್ನೊಂದು ಅಡಿ ಉದ್ದದ ಒಳಗನ್ನು ನೋಡಿ: ಬಾಗಿಲ ಪಕ್ಕ ಕಬ್ಬಿಣದ ಒಲೆ, ಎರಡು ಬದಿಗೂ ಬೆಂಚು, ಬೆಂಚಿನ ಕೆಳಗೆ ಸಾಮಾನು, ಹಿಂದೆ ಅಡ್ಡಲಾಗಿ ಹಾಸಿಗೆ, ಹಾಸಿಗೆಯ ಅಡಿಯಿಂದ ಎಳೆದುಕೊಳ್ಳುವ ಮೇಜು. ಬಾಗಿಲಿಗೆ ಮೇಲೊಂದು ಕೆಳಗೊಂದು ತುಂಡು. ಮೇಲಿನದನ್ನು ಮಾತ್ರ ತೆರೆದು, ಲಗಾಮು ಹಿಡಿದು, ಒಲೆಯ ಬಿಸಿಯಲ್ಲಿ ನಿಂತೇ ಕುದುರೆ ಹೊಡೆಯಬಹುದು. ಕುರಿ ಮೇಯುವ ಕಡೆ ಗಾಡಿ ಹೋಗಬೇಕು, ಒಬ್ಬನೇ ಇರಬೇಕು, ಹೊರಗೆ ಹಿಮ. ಈ ಮೂರು ಕಷ್ಟ ಸೇರಿ ಆ ವಿನ್ಯಾಸ ಹುಟ್ಟಿತು. ಇವತ್ತಿನ ಟ್ರೈಲರ್ ಮನೆಯ ನಕ್ಷೆ ಬಿಡಿಸಿದರೆ ಹೆಚ್ಚುಕಮ್ಮಿ ಅದೇ ಜೋಡಣೆ ಕಾಣುತ್ತೆ.

ರೋಡಿಯೋ ದಾರಿ

ಎರಡೂ ಎಳೆ ಸೇರಿದ್ದು ಮೋಟಾರು ಕಾಲದಲ್ಲಿ. ರೋಡಿಯೋ ಅಂದರೆ ದನಗಾರರ ಕೆಲಸಗಳೇ ಪಂದ್ಯವಾದದ್ದು. ಕರುವಿಗೆ ಹಗ್ಗ ಎಸೆದು ಹಿಡಿಯುವುದು, ಮೂರು ಪೀಪಾಯಿಗಳ ಸುತ್ತ ಕುದುರೆ ಓಡಿಸುವುದು, ಹೀಗೆ. 1948ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಜೆಲೋದಲ್ಲಿ 38 ಹೆಂಗಸರು ಸೇರಿ 'ಗರ್ಲ್ಸ್ ರೋಡಿಯೋ ಅಸೋಸಿಯೇಷನ್' ಕಟ್ಟಿದರು. ಪೀಪಾಯಿ ಓಟ ಅವರ ಮುಖ್ಯ ಪಂದ್ಯಗಳಲ್ಲೊಂದಾಯಿತು. 1956ರ ಕಾನೂನಿನಿಂದ ಅಂತರರಾಜ್ಯ ಹೆದ್ದಾರಿಗಳು ಬಂದವು. 1959ರಲ್ಲಿ ಡಲ್ಲಾಸ್‌ನಲ್ಲಿ ರಾಷ್ಟ್ರೀಯ ಫೈನಲ್ಸ್ ಶುರುವಾಯಿತು. ಅಲ್ಲಿಗೆ ಆಯ್ಕೆಯಾಗಬೇಕಾದರೆ ವರ್ಷವಿಡೀ ಊರೂರು ತಿರುಗಿ ಬಹುಮಾನದ ಹಣ ಕೂಡಿಸಬೇಕು. ಜುಲೈ 4ರ ಆಸುಪಾಸಿನಲ್ಲಂತೂ ಹೆಜ್ಜೆಗೊಂದು ರೋಡಿಯೋ. ರಾತ್ರಿಯೆಲ್ಲ ಗಾಡಿ ಓಡಿಸಿ ಬೆಳಿಗ್ಗೆ ಇನ್ನೊಂದು ರಾಜ್ಯದಲ್ಲಿ ಇಳಿಯಬೇಕು.

ಗೂಳಿಯ ಮೇಲೆ ಕೂರುವವನಾದರೆ ಕೈಯಲ್ಲೊಂದು ಚೀಲ ಹಿಡಿದು ಹೊರಟಾನು. ಹಗ್ಗ ಎಸೆಯುವವರು, ಪೀಪಾಯಿ ಸುತ್ತುವವರು ಹಾಗಲ್ಲ. ಅವರ ಕುದುರೆ ಅವರ ಜೊತೆಗೇ ಬರಬೇಕು. ಹೋಟೆಲಿನಲ್ಲಿ ಮಲಗಿದರೆ ರಾತ್ರಿ ನೀರು ಕೊಡುವವರು ಯಾರು? ಕುದುರೆಗೆ ಹೊಟ್ಟೆನೋವು ಬಂದರೆ ಬೆಳಗಾಗುವುದರೊಳಗೆ ಜೀವಕ್ಕೇ ಸಂಚಕಾರ. ಹೀಗಾಗಿ ಜೀನು, ಹಗ್ಗ ಇಡುವ ಮುಂದಿನ ಕೋಣೆಯಲ್ಲೇ ಹಾಸಿಗೆ ಹಾಸುವುದು ಶುರುವಾಯಿತು. 'ಗೂಸ್‌ನೆಕ್', ಅಂದರೆ ಬಾತಿನ ಕತ್ತಿನ ಹಾಗೆ ಬಾಗಿ ಟ್ರಕ್ಕಿನ ತೊಟ್ಟಿಯ ಮೇಲೆ ಕೂರುವ ಕೊಂಡಿ ಬಂದ ಮೇಲೆ, ಆ ಕತ್ತಿನ ಒಳಗಿನ ಖಾಲಿ ಜಾಗ ಸರಿಯಾಗಿ ಒಂದು ಹಾಸಿಗೆಯಷ್ಟಿತ್ತು! ಅದು ಮಲಗುವ ಕೋಣೆಯಾಯಿತು. ಆಮೇಲೆ ಒಲೆ, ಫ್ರಿಜ್ಜು, ಬಚ್ಚಲು ಒಂದೊಂದೇ ಒಳಗೆ ಬಂದವು.

ಇನ್ನು ನಮ್ಮ ಓರೆ ಗೋಡೆ. ಕುದುರೆಗಳನ್ನು ಒಂದರ ಪಕ್ಕ ಒಂದು ಓರೆಯಾಗಿ ನಿಲ್ಲಿಸಿದರೆ ಕಡಿಮೆ ಅಗಲದ ಗಾಡಿಯಲ್ಲಿ ಮೂರು-ನಾಲ್ಕು ಹಿಡಿಸಬಹುದು. ಹಾಗೆ ನಿಲ್ಲಿಸಿದಾಗ ಮೊದಲನೇ ಕುದುರೆಯ ಮುಂದಿನ ಗೋಡೆಯೂ ಓರೆಯಾಗಲೇಬೇಕು. ಆದ್ದರಿಂದ ಮನುಷ್ಯರ ಭಾಗದ ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ. ಇಂದಿಗೂ ಈ ಟ್ರೈಲರ್‌ಗಳ ಮನೆಯನ್ನು 'ಎಂಟು ಅಡಿ ಶಾರ್ಟ್ ವಾಲ್', 'ಹತ್ತು ಅಡಿ ಶಾರ್ಟ್ ವಾಲ್' ಅಂತ ಗಿಡ್ಡ ಗೋಡೆಯ ಲೆಕ್ಕದಲ್ಲೇ ಮಾರುತ್ತಾರೆ. ಮನುಷ್ಯನಿಗೆ ಎಷ್ಟು ಮನೆ ಅಂತ ನಿರ್ಧಾರ ಮಾಡುವುದು ಕುದುರೆ ನಿಂತ ಭಂಗಿ! ಉತ್ತರ ಕರ್ನಾಟಕದ ಹಳೇ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಜನರ ಜಾಗ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಕಿತ್ತಾಗ ಕಾಣುವುದು

ಹಳೇ ಟ್ರೈಲರ್ ನವೀಕರಣ ಅಂದರೆ ಈ ಎಲ್ಲ ಪದರಗಳನ್ನು ಒಂದೊಂದಾಗಿ ಕೀಳುವ ಕೆಲಸ. ಮೊದಲು ಸಿಗುವುದು ನೀರು. ಚಾವಣಿಯ ಬೆಸುಗೆ, ಕಿಟಕಿಯ ಅಂಚುಗಳಿಂದ ವರ್ಷಾನುಗಟ್ಟಲೆ ಇಳಿದ ನೀರು ಗೋಡೆಯ ಪ್ಲೈವುಡ್ಡನ್ನು ಒಳಗಿಂದಲೇ ಕೊಳೆಸಿರುತ್ತೆ. ಹೆಬ್ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತೆ. ಅಲ್ಯೂಮಿನಿಯಂ ಚೌಕಟ್ಟಿಗೆ ಬರಿಯ ಉಕ್ಕಿನ ಸ್ಕ್ರೂ ಹೊಡೆದಿದ್ದರೆ, ಎರಡು ಲೋಹ ತಾಗಿದಲ್ಲಿ ತೇವ ಸೇರಿ ಅಲ್ಯೂಮಿನಿಯಂ ತಿಂದುಹೋಗಿರುತ್ತೆ. ಗ್ಯಾಸಿನಲ್ಲಿ ಓಡುವ ಫ್ರಿಜ್ಜನ್ನು ಕೂರಿಸುವಾಗ ಮಟ್ಟ ನೋಡಲೇಬೇಕು. 1922ರಲ್ಲಿ ಸ್ವೀಡನ್ನಿನ ಫಾನ್ ಪ್ಲಾಟನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ವಿಧಾನ ಅದು. ಒಳಗೆ ಮೋಟರ್ ಇಲ್ಲ, ದ್ರವ ತನ್ನ ಭಾರಕ್ಕೆ ತಾನೇ ಇಳಿದು ಹರಿಯಬೇಕು.

ಆಮೇಲೆ ತೂಕ. ಹಳೇ ಕೊಟ್ಟಿಗೆಯ ಮರದ ಹಲಗೆ, ಕಲ್ಲಿನ ಕಟ್ಟೆ, ಟೈಲ್ಸು ಎಲ್ಲ ಚೆಂದವೇ. ಆದರೆ ಗಾಡಿಯ ಅಚ್ಚು ತಡೆಯುವ ಭಾರಕ್ಕೆ ಒಂದು ಮಿತಿ ಇದೆ, ಅದು ಗಾಡಿಯ ಮೇಲೆ ಅಂಟಿಸಿದ ಫಲಕದಲ್ಲೇ ಬರೆದಿರುತ್ತೆ. ಒಂದು ಕುದುರೆ ಸುಮಾರು 500 ಕಿಲೋ. ನೂರು ಲೀಟರ್ ನೀರಿನ ಟ್ಯಾಂಕು ತುಂಬಿದರೆ ಇನ್ನೊಂದು ನೂರು ಕಿಲೋ. ಮೊದಲು ಕುದುರೆಗಳ ಪಾಲು ಕಳೆದು, ಮಿಕ್ಕದ್ದರಲ್ಲಿ ಅಡುಗೆಮನೆಯ ಆಸೆ ಪಡಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಯಾರೂ ಫೋಟೋ ತೆಗೆಯದ ಜಾಗದಲ್ಲಿ, ಅಂದರೆ ಹಿಂದಿನ ನೆಲದಲ್ಲಿ. ಕುದುರೆ ನಿಲ್ಲುವಲ್ಲಿ ರಬ್ಬರ್ ಹಾಸು ಇರುತ್ತೆ. ಅದರ ಕೆಳಗೆ ಉಚ್ಚೆ ಇಳಿದು ಮರದ ಹಲಗೆ ಕೊಳೆಯುತ್ತೆ, ಅಲ್ಯೂಮಿನಿಯಂ ಆದರೆ ತೂತು ಬೀಳುತ್ತೆ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಓಡುವ ಗಾಡಿಯಲ್ಲಿ ನೆಲ ಮುರಿದು ಕುದುರೆಯ ಕಾಲು ರಸ್ತೆಗೆ ತಾಗಿದ ಘಟನೆಗಳು ನಡೆದಿವೆ. ಅದಕ್ಕಿಂತ ಘೋರ ಸಾವು ಯೋಚಿಸುವುದೂ ಕಷ್ಟ. ಹಾಸು ಎತ್ತಿ, ಗಾಡಿಯ ಕೆಳಗೆ ನುಗ್ಗಿ, ಸ್ಕ್ರೂಡ್ರೈವರಿನಿಂದ ಹಲಗೆ ಹಲಗೆಗೂ ಚುಚ್ಚಿ ನೋಡುವುದೇ ಈ ಕೆಲಸದ ಮೊದಲ ಪಾಠವಾಗಬೇಕು. ಪರದೆಯ ಬಣ್ಣ ಆಮೇಲೆ.

ಇಬ್ಬರು ನಿವಾಸಿಗಳು

ಕ್ಯಾಂಡ್ಲಿಶ್‌ನ ಶೀಪ್ ವ್ಯಾಗನ್ ಇನ್ನೂ ಸತ್ತಿಲ್ಲ. ಹಳೆಯವನ್ನು ಹುಡುಕಿ ತಂದು, ಒಲೆಗೆ ಹೊಳಪು ಕೊಟ್ಟು, ಕ್ಯಾನ್ವಾಸ್ ಬದಲಿಸಿ, ಅಂಗಳದಲ್ಲಿ ಅತಿಥಿಗಳ ಕೋಣೆ ಮಾಡಿಕೊಳ್ಳುವವರಿದ್ದಾರೆ. ಅದೇ ಪಶ್ಚಿಮದ ಗುಡ್ಡಗಳಲ್ಲಿ ಪೆರುವಿನಿಂದ ತಾತ್ಕಾಲಿಕ ವೀಸಾದ ಮೇಲೆ ಬಂದ ಕುರಿಗಾಹಿಗಳೂ ಇದ್ದಾರೆ. ಅವರಿಗೆ ಚಕ್ರದ ಪೆಟ್ಟಿಗೆ ಹವ್ಯಾಸವಲ್ಲ, ಅದೇ ಮನೆ. 2015ರಲ್ಲಿ ಸರ್ಕಾರ ನಿಯಮ ಬದಲಿಸುವವರೆಗೆ ಹಲವು ರಾಜ್ಯಗಳಲ್ಲಿ ಅವರ ಸಂಬಳ ತಿಂಗಳಿಗೆ 750 ಡಾಲರ್ ಆಸುಪಾಸಿನಲ್ಲೇ ನಿಂತಿತ್ತು. ವಿದ್ಯುತ್ ಕೊಡಲಾಗದ ಕಡೆ ಲಾಂದ್ರ ಕೊಟ್ಟರೆ ಸಾಕು ಅಂತ ಅವರ ವಸತಿಯ ನಿಯಮದಲ್ಲಿದೆ.

ಬೆಂಟಿಂಕ್ ಹೆಸರು ಇತಿಹಾಸದಲ್ಲಿದೆ, ಎಲಿಸ್ ಹೆಸರೂ ಇದೆ. ರೈಲಿನ ಆ ಪುಟ್ಟ ಕೋಣೆಯಲ್ಲಿ ಕೂತು ರಾತ್ರಿಯಿಡೀ ಕಿಂಡಿ ತೆರೆದು ಕುದುರೆಗೆ ಸಮಾಧಾನ ಹೇಳಿದವರ ಹೆಸರು ಇಲ್ಲ. ಹಳೇ ಟ್ರೈಲರ್ ಕೊಂಡವರು ಆ ಓರೆ ಗೋಡೆಯನ್ನು ಬಯ್ಯುತ್ತಾ ನೆಟ್ಟಗೆ ಮಾಡುವ ಉಪಾಯ ಹುಡುಕುತ್ತಾರೆ. ನೆಟ್ಟಗೆ ಮಾಡಿದರೆ ಕುದುರೆಗೆ ಜಾಗ ಸಾಲದು. ಹಾಗಾಗಿ ಕೊನೆಗೆ ಬೀರುವನ್ನೇ ಓರೆಯಾಗಿ ಕೊಯ್ದು ಕೂರಿಸುತ್ತಾರೆ. ಅದೇ ಸರಿ ಅಂತ ನನಗನ್ನಿಸುತ್ತೆ. ನಿಮಗೆ?