ಮಗ್ಗವೂ ಮಗ್ಗಿಯೂ

ಊರ ಅಂಗಡಿಯ ಬಂಡವಾಳವೆಲ್ಲ ಗಲ್ಲಾಪೆಟ್ಟಿಗೆಯಲ್ಲಿರುವುದೆಂದು ಗಿರಾಕಿಗಳು ಭಾವಿಸಿದರೂ, ಹಿಂದಿನ ಕಾಲದ ವರ್ತಕನು ನಾಣ್ಯಕ್ಕೆ ಮೊದಲೇ ಕೂಡಿಟ್ಟುಕೊಳ್ಳುತ್ತಿದ್ದ ಮೂಲಧನವು ಬೇರೊಂದಿತ್ತು. ಅದು, ಕೂಲಿಮಠವೆಂಬ ಊರಶಾಲೆಯ ಜಗಲಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸಿ ಪಡೆದ ಲೆಕ್ಕದ ವಿದ್ಯೆ.

ಈ ವಿದ್ಯೆಯ ಪರಂಪರೆ ನಮ್ಮಲ್ಲಿ ಹಿರಿದು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗಣಿತಗ್ರಂಥವೊಂದರ ಹೆಸರೇ ‘ವ್ಯವಹಾರಗಣಿತ’. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು ತನ್ನ ಜಿಲ್ಲೆಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಲೆಕ್ಕಹಾಕಿದನು. ಆ ಶಾಲೆಗಳಲ್ಲಿ 235 ಕನ್ನಡದವು. ಮುಂದುವರಿದ ಹುಡುಗರು ಕಿರಿಯರಿಗೆ ಕಲಿಸುವ ಕ್ರಮವನ್ನು ಮನಸಾರೆ ಮೆಚ್ಚಿದ ಆತನು, ಅರ್ಥವರಿಯದೆ ಪದ್ಯಗಳನ್ನು ಉರುಹೊಡೆಯುವುದನ್ನು ಗಿಳಿಪಾಠವೆಂದು ಹಳಿದನು. ಕಾವ್ಯದ ಮಟ್ಟಿಗೆ ಆ ಆಕ್ಷೇಪ ಸಲ್ಲಬಹುದು, ಮಗ್ಗಿಯ ಮಟ್ಟಿಗೆ ಸಲ್ಲದು. ಏಕೆಂದರೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ, ಸೇರಿಗೆ ಮೂರಾಣೆಯಂತೆ ಒಂದೂಮುಕ್ಕಾಲು ಸೇರು ಬೇಳೆಯನ್ನು ಕೇಳಿದವನಿಗೆ ಐದೂಕಾಲು ಆಣೆಯೆಂಬ ಉತ್ತರವು ತಕ್ಕಡಿ ನಿಲ್ಲುವ ಮೊದಲೇ ನಾಲಗೆಯ ಮೇಲಿರಬೇಕಾಗಿತ್ತು.

ಬಾಯಿಲೆಕ್ಕಕ್ಕೆ ಬರಹದ ಸಾಕ್ಷಿಯೂ ಬೇಕಷ್ಟೆ. ಇದ್ದಿಲಪುಡಿ ಬೆರೆಸಿದ ಸರಿಯನ್ನು ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕಡತದಲ್ಲಿ ವರ್ತಕನು ಬಳಪದಿಂದ ಕೊಟ್ಟದ್ದನ್ನೂ ಕೊಂಡದ್ದನ್ನೂ ಬರೆದಿಡುತ್ತಿದ್ದನು. ಇಂದು ಕಡತವೆಂಬ ಮಾತು ಸರ್ಕಾರಿ ಕಚೇರಿಯ ಕಾಗದಪತ್ರಗಳಿಗಷ್ಟೇ ಉಳಿದಿದೆ.

ಆದರೆ ಕಡತವಿಲ್ಲದ ಕುಶಲಕರ್ಮಿಯ ಪಾಡೇನು? ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕೈಚಳಕವು ಅಂಗಡಿಕಾರನ ಜಾಣ್ಮೆಗಿಂತ ಕಡಿಮೆಯದಲ್ಲ. ಆದರೂ ಸಾಲವಾಗಿ ತಂದ ನೂಲಿನ ತೂಕವನ್ನೂ ನೇಯ್ದುಕೊಟ್ಟ ಸೀರೆಗಳ ಮಜೂರಿಯನ್ನೂ ಬರೆದ ಪುಸ್ತಕವು ಸಾಹುಕಾರನ ವಶದಲ್ಲಿದ್ದು, ಅದನ್ನೋದಲಾರದೆ ಹೆಬ್ಬೆಟ್ಟನ್ನೊತ್ತಿದ ಮೇಲೆ, ಮಗ್ಗ ಬಲ್ಲವನ ದುಡಿಮೆಯು ಮಗ್ಗಿ ಬಲ್ಲವನ ಲಾಭವಾಗಿ ಪರಿಣಮಿಸುವುದು ಸಹಜವೇ ಆಗಿತ್ತು.

ಹಾಗೆಂದು ನೇಕಾರನು ಓದಲಿಲ್ಲವೆಂದು ದೂರುವುದೂ ನ್ಯಾಯವಲ್ಲ. ಕೂಲಿಮಠವೆಂಬ ಹೆಸರೇ ಸಾರುವಂತೆ ಅಲ್ಲಿಯ ಅಯ್ಯಗಳ ಜೀವನವು ಹುಡುಗರ ಮನೆಯವರು ಕೊಡುವ ಕೂಲಿಯಿಂದ ನಡೆಯತಕ್ಕದ್ದಾಗಿತ್ತು. ಶಾಲೆಗಳ ಇಳಿಗತಿಗೆ ಜನರ ಬಡತನವೇ ಕಾರಣವೆಂದೂ, ದೇಶೀಯ ಹತ್ತಿಬಟ್ಟೆಯ ಸ್ಥಾನಕ್ಕೆ ಯೂರೋಪಿನ ಸರಕು ಬಂದು ಕೈಕಸುಬಿನವರ ಸಂಪಾದನೆ ಕುಗ್ಗಿತೆಂದೂ ಅದೇ ಕಲೆಕ್ಟರನು ಒಪ್ಪಿಕೊಂಡಿದ್ದಾನೆ. ವಿದ್ಯೆಯಿಂದ ವ್ಯಾಪಾರವು ಬೆಳೆಯುವುದೆಂಬುದು ದಿಟ. ಆದರೆ ಮನೆಯಲ್ಲಿ ಲಾಳಿಯ ಸದ್ದು ಅಡಗಿದ ದಿನ, ಮಠದ ಜಗಲಿಯಲ್ಲಿ ಮಗ್ಗಿ ಹೇಳುವ ದನಿಗಳಲ್ಲಿಯೂ ಒಂದು ಕಡಿಮೆಯಾಗುತ್ತಿದ್ದಿತು.