ಕೇಳದೇ ತುಂಬಿದ ಕಾಲಂ

ನಮ್ಮ ಕೇರಿಯ ಹುಡುಗರೆಲ್ಲ ಹುಟ್ಟಿದ್ದು ಜೂನ್ 1ಕ್ಕೆ! ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೇ ಸಾಲಿ ರಿಜಿಸ್ಟರ್ ತೆಗೆದು ನೋಡ್ರಿ. ಮಾಸ್ತರ ಹುಡುಗನ ಮುಖ ನೋಡಿ ವಯಸ್ಸು ಕಟ್ಟಿದ, ತಾರೀಖು ತಾನೇ ಹಾಕಿದ. ಅದೇ ಕೈಯಿಂದ ಧರ್ಮದ ಕಾಲಮಿನಲ್ಲಿ ‘ಹಿಂದೂ’ ಅಂತ ಬರೆದ. ಹೆಬ್ಬೆಟ್ಟು ಒತ್ತಿದ ಅಪ್ಪನನ್ನು ಯಾರೂ ಕೇಳಲಿಲ್ಲ. ಗುಡಿಯ ಹೊಸ್ತಿಲು ತುಳಿಯಗೊಡದ ಧರ್ಮ ರಿಜಿಸ್ಟರಿನಲ್ಲಿ ಮಾತ್ರ ನಮ್ಮನ್ನು ಕೈಹಿಡಿದು ಒಳಗೆ ಕರೆದುಕೊಂಡಿತು. ಈಗ ಹೊಸದಾಗಿ ಫೋನು ಹಿಡಿದವನನ್ನು ಕೇಳದೇ ಗುಂಪಿಗೆ ಸೇರಿಸುತ್ತಾರಲ್ಲ, ಹಾಗೆ. ಸುಮ್ಮನಿದ್ದವನು ಒಪ್ಪಿದವನೆಂದೇ ಲೆಕ್ಕ.

ಈ ಲೆಕ್ಕವನ್ನು ನಮ್ಮವರು ಒಮ್ಮೆ ಅಲುಗಾಡಿಸಿದ್ದರು. ಆಗ ಈ ಮೂರೂ ಊರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಾವು ಈ ನೆಲದ ಮೂಲ ಮಂದಿ, ನಮ್ಮನ್ನು ಹಾಗೆಯೇ ಬರೆಯಿರಿ ಎಂದು ಹೈದರಾಬಾದಿನ ಭಾಗ್ಯರೆಡ್ಡಿ ವರ್ಮ ಹಠ ಹಿಡಿದರು. 1931ರ ಜನಗಣತಿಯಲ್ಲಿ ಸಂಸ್ಥಾನ ‘ಆದಿ ಹಿಂದೂ’ ಎಂದು ಬರೆಯಿತು. ಆ ಹೆಸರಿನಲ್ಲೂ ಹಿಂದೂ ಉಳಿಯಿತಲ್ಲ ಎನ್ನಬಹುದು. ನಮಗೂ ಅದು ಚುಚ್ಚುತ್ತದೆ. ಆದರೆ ಬರೆಯುವವನ ಕೈ ಹಿಡಿದು ನಿಲ್ಲಿಸಿದ್ದು ಸಣ್ಣ ಮಾತಲ್ಲ.

1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು. 1950ರ ಆಗಸ್ಟ್ 10ರಂದು ರಾಷ್ಟ್ರಪತಿ ಆದೇಶ ಬಂತು: ಪಂಜಾಬ್ ಕಡೆಯ ಕೆಲವು ಸಿಖ್ ಜಾತಿಗಳನ್ನು ಬಿಟ್ಟರೆ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರಿಗೆಲ್ಲ ಬಾಗಿಲು ತೆರೆಯಿತು. ಅದೇ ವರ್ಷ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಮಂದಿಯೊಂದಿಗೆ ಬೌದ್ಧರಾದರು. ಬೌದ್ಧರಿಗೆ ಬಾಗಿಲು ತೆರೆಯಲಿಲ್ಲ. ಕೇಳದೇ ಹಿಂದೂ ಆದವನು ಏನೂ ಕಳಕೊಳ್ಳಲಿಲ್ಲ. ಬಾಯಿಬಿಟ್ಟು ಬೌದ್ಧ ಎಂದು ಬರೆಸಿದವನು ಪಟ್ಟಿಯಿಂದಲೇ ಹೊರಗೆ. ಕಾನೂನು ತಿದ್ದಿದ್ದು 1990ರಲ್ಲಿ. ಮೂವತ್ನಾಲ್ಕು ವರ್ಷ! ಗೋಡೆ ಮೇಲೆ ಬುದ್ಧನ ಪಟ, ಸಾಲಿ ದಾಖಲೆಯಲ್ಲಿ ಹಿಂದೂ: ಹೀಗೆ ಬಾಳಿದವರನ್ನು ಹೇಡಿಗಳೆನ್ನುವ ಗೆಳೆಯರ ಮಾತು ನಾವು ಒಪ್ಪುವುದಿಲ್ಲ. ಮಗನ ಹಾಸ್ಟೆಲ್ ಸೀಟು, ನೌಕರಿ ಪಣಕ್ಕಿಟ್ಟು ಕಾಲಂ ತಿದ್ದಿಸು ಎಂದು ಕೂಲಿ ಮಾಡುವವನಿಗೆ ಹೇಳುವುದು ಸುಲಭ. 1990ರ ತಿದ್ದುಪಡಿಯೂ ಕ್ರೈಸ್ತ, ಮುಸ್ಲಿಂ ದಲಿತರಿಗೆ ಏನೂ ಕೊಡಲಿಲ್ಲ.

ನಮ್ಮ ಸೀಮೆಯ ಕಲ್ಲಿಗೂ ಇದೇ ಗತಿ. ಭೀಮಾ ದಂಡೆಯ ಸನ್ನತಿ ಶಹಾಪುರಕ್ಕೆ ದೂರವೇನಲ್ಲ. ಅಲ್ಲಿ ಅಶೋಕನ ಶಾಸನದ ಕಲ್ಲಿಗೆ ತೂತು ಕೊರೆದು ಕಾಳಿಯ ವಿಗ್ರಹಕ್ಕೆ ಪೀಠ ಮಾಡಿದ್ದರು. 1980ರ ದಶಕದಲ್ಲಿ ಗುಡಿಯ ಛಾವಣಿ ಕುಸಿದ ಮೇಲೆಯೇ ಅಕ್ಷರ ಬೆಳಕು ಕಂಡವು.

ಮುಂದಿನ ಜನಗಣತಿ 2027ಕ್ಕೆ, ಜಾತಿಯನ್ನೂ ಬರೆದುಕೊಳ್ಳುತ್ತೇವೆ ಎಂದು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಈ ಸಲ ಫೋನಿನಲ್ಲೇ ತುಂಬುವುದಂತೆ. ಗಣತಿಗೆ ಕೇರಿ ಕೇರಿ ತಿರುಗುವವರು ನೀವೇ ಅಲ್ಲವೇ, ಮಾಸ್ತರರೇ? ಮನೆಯವರು ಹೇಳಿದ ಧರ್ಮವನ್ನೇ ಬರೆಯಬೇಕೆಂಬುದು ಗಣತಿಯ ನಿಯಮ. ಆ ಕಾಲಂ ಬಂದಾಗ ಬೆರಳು ಒಂದು ಗಳಿಗೆ ತಡೆಯಿರಿ. “ಏನಂತ ಬರೀಲಿ, ಯವ್ವಾ?” ಅಂತ ಕೇಳ್ರಿ. ಆಕಿ ಹೇಳೋತನಕ ಕಾಯ್ರಿ.