ಪೋಪರ ಹೊಸಕೋಟೆಯ ಕೆಂಪು ವೈನ್: ಬೆರಕೆಗೆ ಬಂದ ಮರ್ಯಾದೆ

ದಕ್ಷಿಣ ಫ್ರಾನ್ಸಿನಲ್ಲಿ, ರೋನ್ ನದಿಯ ಎಡದಂಡೆಯ ಮೇಲೆ, ಅವಿನ್ಯೋಂ ಮತ್ತು ಓರಾಂಜ್ ಪಟ್ಟಣಗಳ ನಡುವೆ ಇರುವ ಶಾತೋನಫ್-ದ್ಯು-ಪಾಪ್ ಎಂಬ ಪುಟ್ಟ ಊರಿನ ಹೆಸರಾಂತ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ತಳಿಯ ದ್ರಾಕ್ಷಿಯಿಂದ ಆದದ್ದಲ್ಲ, ಹಲವು ತಳಿಗಳನ್ನು ಹದವರಿತು ಬೆರೆಸಿ ಮಾಡಿದ್ದು. ಕನ್ನಡದಲ್ಲಿ ಬೆರಕೆ ಬೇರೆ, ಕಲಬೆರಕೆ ಬೇರೆ: ಮೊದಲನೆಯದು ಹದ, ಎರಡನೆಯದು ಮೋಸ. ಇವೆರಡರ ನಡುವೆ ಸ್ಪಷ್ಟವಾದ ಗೆರೆಯೊಂದನ್ನು ಎಳೆದು ಅದಕ್ಕೆ ಕಾನೂನಿನ ಬಲ ತಂದುಕೊಟ್ಟವರು ಈ ಊರಿನ ಬೆಳೆಗಾರರು ಎಂಬುದೇ ಈ ವೈನಿನ ಇತಿಹಾಸದ ತಿರುಳು.

1309ರಲ್ಲಿ ಪೋಪ್ ಐದನೆಯ ಕ್ಲೆಮೆಂಟ್ ಅವಿನ್ಯೋಂಗೆ ಬಂದಮೇಲೆ ಕ್ರೈಸ್ತ ಧರ್ಮಪೀಠವು 1377ರವರೆಗೆ ಅಲ್ಲೇ ಇತ್ತು. ಅವರ ನಂತರ ಬಂದ ಇಪ್ಪತ್ತೆರಡನೆಯ ಜಾನ್ 1317ರಲ್ಲಿ ಈ ಊರಿನ ಗುಡ್ಡದ ಮೇಲೆ ಕೋಟೆಯೊಂದನ್ನು ಕಟ್ಟಿಸಲು ತೊಡಗಿದರು. ‘ಪೋಪರ ಹೊಸಕೋಟೆ’ ಎಂಬುದೇ ಊರಿನ ಹೆಸರಿನ ಅರ್ಥವಾದರೂ ಆ ಹೆಸರು ಅಧಿಕೃತವಾದದ್ದು 1893ರಲ್ಲಿ. ಅದಕ್ಕೂ ಮೊದಲು ಸುಣ್ಣದ ಗೂಡುಗಳನ್ನು ನೆನಪಿಸುವ ಶಾತೋನಫ್ ಕಾಲ್ಸೆರ್ನಿಯೆ ಎಂಬ ಹೆಸರೇ ಬಳಕೆಯಲ್ಲಿತ್ತು. ಪಾಳುಬಿದ್ದಿದ್ದ ಆ ಕೋಟೆಯಲ್ಲಿ ಉಳಿದಿದ್ದ ಭಾಗದಲ್ಲೂ ಒಂದಷ್ಟನ್ನು ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ 1944ರಲ್ಲಿ ಸಿಡಿಸಿದ್ದರಿಂದ ಇಂದು ದ್ರಾಕ್ಷಿತೋಟಗಳ ಮೇಲೆ ಅದರ ಅವಶೇಷವಷ್ಟೇ ನಿಂತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಖಡಕ್ ವೈನಿನಲ್ಲಿ ಬಹುಪಾಲು ಪೀಪಾಯಿಗಳಲ್ಲಿ ಬರ್ಗಂಡಿಗೆ ಸಾಗಿ, ಅಲ್ಲಿನ ತೆಳು ವೈನಿಗೆ ಬಲ ತುಂಬಲು ಬಳಕೆಯಾಗುತ್ತಿತ್ತು. 1860ರ ದಶಕದಲ್ಲಿ ನದಿಯಾಚೆಯ ಗಾರ್ ಪ್ರಾಂತದಲ್ಲಿ ಕಾಣಿಸಿಕೊಂಡ ಫಿಲೋಕ್ಸೆರಾ, ಅಂದರೆ ಬಳ್ಳಿಯ ಬೇರಿನ ರಸ ಹೀರುವ ಅತಿಸಣ್ಣ ಹೇನು, ತೋಟಗಳನ್ನು ಸರ್ವನಾಶ ಮಾಡಿತು. ಹೇನಿಗೆ ಜಗ್ಗದ ಅಮೆರಿಕದ ಬಳ್ಳಿಯ ಬೇರುಗಿಡಕ್ಕೆ ಊರಿನ ತಳಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದ ಹೊತ್ತಿಗೆ ಇನ್ನೊಂದು ಪೀಡೆ ಅಂಟಿಕೊಂಡಿತ್ತು: ಎಲ್ಲಿಯದೋ ವೈನನ್ನು ಈ ಊರಿನ ಹೆಸರಿನಲ್ಲಿ ಮಾರುವ ದಂಧೆ.

ಇದಕ್ಕೆ ಎದುರಾಗಿ ನಿಂತವರು ಶಾತೋ ಫೋರ್ತಿಯಾ ತೋಟದ ಒಡೆಯರೂ ಕಾನೂನು ಓದಿದವರೂ ಮೊದಲ ಮಹಾಯುದ್ಧದ ವಿಮಾನ ಚಾಲಕರೂ ಆಗಿದ್ದ ಬ್ಯಾರನ್ ಪಿಯೆರ್ ಲ ರುವಾ. 1923ರಿಂದ ಅವರ ಮುಂದಾಳತ್ವದಲ್ಲಿ ಬೆಳೆಗಾರರು ಪರರ ಮೇಲೆ ದೂರು ಹೇಳುವುದಕ್ಕೆ ಮೊದಲು ತಮಗೆ ತಾವೇ ಕಟ್ಟಳೆ ವಿಧಿಸಿಕೊಂಡರು. ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಬೆಳೆಯುವಂಥ ಒಣ, ಬಡ ನೆಲವಷ್ಟೇ ಈ ಹೆಸರಿಗೆ ಅರ್ಹ. ನಿಗದಿಯಾದ ತಳಿಗಳನ್ನಷ್ಟೇ ನೆಡಬೇಕು. ಬಳ್ಳಿಯ ಚಾಟನಿ, ಅಂದರೆ ಸವರುವಿಕೆ, ಗೊತ್ತಾದ ಕ್ರಮದಲ್ಲೇ ಆಗಬೇಕು. ಕೊಯ್ಲಿನಲ್ಲಿ ಕಳಪೆ ಹಣ್ಣನ್ನು ಆರಿಸಿ ಎಸೆಯಬೇಕು. ವೈನಿನಲ್ಲಿ ಕನಿಷ್ಠ 12.5% ಮದ್ಯಾಂಶವಿರಬೇಕು. ನ್ಯಾಯಾಲಯಗಳಲ್ಲಿ ಗೆದ್ದ ಈ ನಿಯಮಗಳು 1936ರಲ್ಲಿ ಫ್ರಾನ್ಸಿನ ಮೊದಲ ‘ಆಪೆಲಾಸಿಯೋಂ’ಗಳಲ್ಲಿ ಒಂದಾಗಿ, ಅಂದರೆ ಊರಿನ ಹೆಸರಿನ ಮೇಲಿನ ಶಾಸನಬದ್ಧ ಹಕ್ಕಾಗಿ, ರೂಪುಗೊಂಡವು.

ಆ ಶಾಸನ ಒಪ್ಪಿದ ತಳಿಗಳು 13. ಅವುಗಳಲ್ಲಿ ಬಿಳಿ ದ್ರಾಕ್ಷಿಗಳೂ ಇದ್ದು, ಕೆಂಪು ವೈನಿಗೂ ಅವನ್ನು ಸೇರಿಸಬಹುದು. ಬೆರಕೆಯ ಸಿಂಹಪಾಲು ಗ್ರೆನಾಶ್ ತಳಿಯದು. ಸ್ಪೇನ್ ಮೂಲದ್ದೆನ್ನಲಾದ ಈ ಹಣ್ಣು ಬಿಸಿಲಿಗೆ ಚೆನ್ನಾಗಿ ಮಾಗಿ, ರಾಸ್‌ಬೆರಿಯಂಥ ಪರಿಮಳವನ್ನೂ ನಾಲಗೆ ತುಂಬುವ ಮೆದುತನವನ್ನೂ ಕೊಡುತ್ತದೆ. ಆದರೆ ಬಣ್ಣ ತೆಳು, ಗಾಳಿ ಸೋಕಿದರೆ ಬೇಗ ಕಳೆಗುಂದುವ ಗುಣ. ಆ ಕೊರತೆಯನ್ನು ಸಿರಾ ತಳಿ ಗಾಢವರ್ಣದಿಂದಲೂ ಕರಿಮೆಣಸಿನ ಘಾಟಿನಿಂದಲೂ ತುಂಬಿದರೆ, ತಡವಾಗಿ ಮಾಗುವ ಮೂರ್ವೆದ್ರ್ ತಳಿ ಟ್ಯಾನಿನ್ ಎಂಬ ಒಗರಿನ ಅಂಶದಿಂದ ವೈನಿಗೆ ಗಟ್ಟಿತನ ಮತ್ತು ಆಯುಸ್ಸು ಕೊಡುತ್ತದೆ. ಸ್ಯಾಂಸೊ ನವಿರು ಕಂಪನ್ನು ಸೇರಿಸುತ್ತದೆ. ಅನೇಕ ತೋಟಗಳ ನೆಲವನ್ನು ಮುಚ್ಚಿರುವ, ರೋನ್ ನದಿ ಉರುಳಿಸಿ ತಂದ ದುಂಡುಕಲ್ಲುಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಒಪ್ಪಿಸುತ್ತವೆ. ಮಿಸ್ಟ್ರಾಲ್ ಎಂಬ ಉತ್ತರದ ಒಣಗಾಳಿ ತೇವವನ್ನು ಒರೆಸಿ ಗೊಂಚಲನ್ನು ಬೂಷ್ಟಿನಿಂದ ಕಾಯುತ್ತದೆ.

ಇಂಥ ಮೈತುಂಬಿದ ವೈನಿಗೆ ಜೊತೆಯಾಗುವ ಊಟವೂ ಅದೇ ಸೀಮೆಯದು. ದೋಬ್ ಎಂಬ ಪ್ರೊವಾನ್ಸ್ ಸೀಮೆಯ ಖಾದ್ಯದಲ್ಲಿ ದನದ ಮಾಂಸವನ್ನು ಕೆಂಪು ವೈನಿನಲ್ಲಿ ನೆನೆಹಾಕಿ, ಥೈಮ್, ಬೆಳ್ಳುಳ್ಳಿ, ಕಿತ್ತಳೆ ಸಿಪ್ಪೆಯೊಡನೆ ಮಣ್ಣಿನ ಗಡಿಗೆಯಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಬೆಳ್ಳುಳ್ಳಿ ಸಿಗಿಸಿ ಸುಟ್ಟ ಕುರಿಯ ತೊಡೆ, ಕಾಡುಹಂದಿ, ಚಳಿಗಾಲದ ಕಪ್ಪು ಟ್ರಫಲ್ ಅಣಬೆ ಇವೂ ಹೊಂದುತ್ತವೆ. ಮಾಂಸದ ಕೊಬ್ಬು ಮತ್ತು ಪ್ರೋಟೀನು ವೈನಿನ ಒಗರನ್ನು ತಗ್ಗಿಸುವುದರಿಂದ ಎರಡರ ರುಚಿಯೂ ಏರುತ್ತದೆ. ಮೆದು ಮೀನಿನ ರುಚಿಯನ್ನು ಈ ವೈನ್ ನುಂಗಿಹಾಕುತ್ತದೆ. ಮೆಣಸಿನಕಾಯಿಯ ಖಾರವಾದರೋ ಮದ್ಯದ ಉರಿಯನ್ನು ಹೆಚ್ಚಿಸುತ್ತದೆ.

ಹೆಸರು ನೆಲದ್ದು, ಅದನ್ನು ಕಾಯುವ ಹೊಣೆ ಆ ನೆಲದವರದ್ದು ಎಂಬ ವಿಚಾರ ಇಂದು ವೈನಿಗಷ್ಟೇ ಸೀಮಿತವಲ್ಲ. ಭಾರತದ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ರಕ್ಷಣೆ ಪಡೆದಿರುವ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳ ಹಿಂದಿರುವುದೂ ಅದೇ ವಿಚಾರ. ಶಾಸನ ಹೆಸರನ್ನು ಕಾಯಬಲ್ಲದು. ಆ ಹೆಸರಿಗೆ ತಕ್ಕ ಗುಣವನ್ನು ಉಳಿಸಬೇಕಾದವರು ಬೆಳೆಯುವವರೇ.